ಎರಡು ಮನೆಯ ಅರಿಶಿಣ, ಒಂದು ಉಕ್ಕಿನ ಕೊಳವೆ

ಮೂಡಲಗಿಯಿಂದ ನನ್ನ ನೆಗೆಣ್ಣಿ ಪ್ರತಿ ವರ್ಷ ಒಂದು ಸ್ಟೀಲ್ ಡಬ್ಬಿ ತುಂಬ ಅರಿಶಿಣಪುಡಿ ಕಳಿಸುತ್ತಾಳೆ. ಗೋಕಾಕದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಆ ಡಬ್ಬಿ ಬಂದು ಕೂರುತ್ತದೆ. ಸೊಸೆ ಮುಚ್ಚಳ ತೆಗೆದು ಮೂಸಿ, ಸಣ್ಣತ್ತೆಯವರ ಅರಿಶಿಣದ ಘಮವೇ ಬೇರೆ ಎನ್ನುತ್ತಾಳೆ. ನಾನು ಹಿತ್ತಲಲ್ಲಿ ಬೆಳೆದು, ಕುದಿಸಿ, ಒಣಗಿಸಿ, ಪುಡಿ ಮಾಡಿಟ್ಟ ಅರಿಶಿಣ ಅದರ ಪಕ್ಕದಲ್ಲೇ ಗಾಜಿನ ಬಾಟಲಿಯಲ್ಲಿ ಇರುತ್ತದೆ. ಅದನ್ನು ಯಾರೂ ಮೂಸುವುದಿಲ್ಲ.

ಟು ಬಿ ಫ್ರಾಂಕ್, ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಪುರುಸೊತ್ತಿಲ್ಲ.

ಆಕೆ ನನ್ನ ಮೈದುನನ ಹೆಂಡತಿ. ಹುಕ್ಕೇರಿ ಕಡೆಯ ಹಳ್ಳಿಯವಳು, ಕನ್ನಡ ಸಾಲಿ ಮುಗಿಸಿ ಮನೆಯಲ್ಲಿ ಕೂತವಳು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಓದಿ, ಬಿ.ಎಸ್ಸಿ.ಗೆ ಕೆಮಿಸ್ಟ್ರಿ ತೆಗೆದುಕೊಂಡವಳು. ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಟ್ರಂಕಿನ ತಳದಲ್ಲಿ ಲ್ಯಾಬಿನ ಬಿಳಿ ಕೋಟು ಮಡಚಿ ಇಟ್ಟಿತ್ತು. ಅದನ್ನು ಕೊನೆಗೆ ಹಪ್ಪಳ ಒಣಗಿಸುವಾಗ ಮೇಲೆ ಹೊದಿಸಲು ಬಳಸಿದೆ. ನೆಗೆಣ್ಣಿ ಬಂದದ್ದು ಅದಾದ ಮೇಲೆ. ಬಂದವಳೇ ಗಂಡನೊಂದಿಗೆ ಮೂಡಲಗಿಯ ತೋಟಕ್ಕೆ ಹೋಗಿ ನಿಂತಳು. ಕಬ್ಬು, ಗೋವಿನಜೋಳ, ಅರಿಶಿಣ, ಏನು ಹಾಕಿದರೂ ಆಕೆಯ ಕೈಗೆ ಬಂತು. ಮಕ್ಕಳು ಆಕೆಯ ಸೆರಗು ಬಿಡುತ್ತಿರಲಿಲ್ಲ, ಆಕೆಯ ಮಕ್ಕಳಷ್ಟೇ ಅಲ್ಲ, ನನ್ನವೂ. ಸೂಟಿ ಬಂದರೆ ಸಾಕು, ಬ್ಯಾಗು ಹಿಡಿದು ಮೂಡಲಗಿ ಬಸ್ಸಿಗೆ ಓಡುವರು. ನಾನು ಕಲಿಸಿದ ನರ್ಸರಿ ರೈಮ್‌ಗಳನ್ನು ಅಲ್ಲಿ ಹೋಗಿ ಆಕೆಗೆ ಕಲಿಸಿ ಬರುವರು.

ಆದರೂ ನನ್ನ ಹತ್ತಿರ ಆಕೆಯ ಹತ್ತಿರ ಇಲ್ಲದ್ದೊಂದು ಇತ್ತು.

ನಮ್ಮ ಅತ್ತೆಯವರ ತವರಿನಿಂದ ಬಂದ ಹಳೆಯ ತಳಿಯ ಅರಿಶಿಣ ಗೋಕಾಕದ ಹಿತ್ತಲಲ್ಲಿ ಬೆಳೆಯುತ್ತಿತ್ತು. ಗಡ್ಡೆ ಸಣ್ಣದು, ಒಳಗಿನ ಬಣ್ಣ ಕೆಂಪಿಗೆ ತಿರುಗಿದ ಹಳದಿ. ಅತ್ತೆ ಅದರ ಬೀಜದ ಗಡ್ಡೆಯನ್ನು ಯಾರಿಗೂ ಕೊಡುತ್ತಿರಲಿಲ್ಲ. ನನ್ನ ಮಗ ಹುಟ್ಟಿದ ವರ್ಷ ಒಂದು ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದು, ಮಣ್ಣು ಜಾಡಿಸಿ, ನಾಲ್ಕಾರು ಗಡ್ಡೆಗಳನ್ನು ನನ್ನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. "ಇನ್ನ ಈ ಅರಿಶಿಣದ ಮಡಿ ನಿಂದು. ಯಾರ ಮುಂದೂ ಹೇಳಬ್ಯಾಡ. ಸಣ್ಣಾಕಿ ಮುಂದಂತೂ ಬ್ಯಾಡ" ಎಂದರು. ನಾನು ಹೇಳಲಿಲ್ಲ. ಅತ್ತೆ ತೀರಿಹೋಗಿ ಎಷ್ಟೋ ಕಾಲವಾಯಿತು. ಆ ಗಂಟಿನ ಭಾರ ಮಾತ್ರ ನನ್ನ ಸೆರಗಿನಲ್ಲಿ ಇನ್ನೂ ಇದೆ ಅನ್ನಿಸುತ್ತದೆ. ಮನೆಗೆ ಬಂದವರೆಲ್ಲ ಆಕೆಯನ್ನು ಹೊಗಳುವಾಗ ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ: ಇರಲಿ, ಅತ್ತೆ ಆರಿಸಿದ್ದು ನನ್ನನ್ನು.

ಈಗ ಮೊಮ್ಮಗಳ ಮದುವೆ ನಿಕ್ಕಿಯಾಯಿತು. ನನ್ನ ಮಗನ ಮಗಳು. ನಮ್ಮಲ್ಲಿ ಮದುಮಗಳಿಗೆ ಹಚ್ಚುವ ಅರಿಶಿಣವನ್ನು ಪೇಟೆಯಿಂದ ತರುವುದಿಲ್ಲ. ಮನೆತನದವರು ಬೆಳೆದದ್ದೇ ಆಗಬೇಕು, ಮುತ್ತೈದೆಯರು ಒರಳಿನಲ್ಲಿ ಕುಟ್ಟಬೇಕು. ಯಾರ ಮನೆಯ ಅರಿಶಿಣ ಒರಳಿಗೆ ಮೊದಲು ಬೀಳುತ್ತದೋ ಆ ಮನೆಯ ಹಿರಿಯಳದೇ ಹುಡುಗಿಗೆ ಮೊದಲ ಕೈ. ಹಿಂದಿನ ಮದುವೆಗಳಿಗೆಲ್ಲ ಮೂಡಲಗಿಯ ಅರಿಶಿಣವೇ ಬಂದಿತ್ತು, ಅಲ್ಲಿ ಚೀಲಗಟ್ಟಲೆ ಬೆಳೆಯುತ್ತದೆ ಎಂದು. ಈ ಸಲ ನಾನು ಬಿಡುವವಳಲ್ಲ ಎಂದು ತೀರ್ಮಾನಿಸಿದೆ. ನನ್ನ ಮೊಮ್ಮಗಳು, ನನ್ನ ಹಿತ್ತಲು, ಅತ್ತೆಯ ತಳಿ. ಊಟದ ಹೊತ್ತಿಗೆ ಅದನ್ನು ಹೇಳಿಯೂ ಬಿಟ್ಟೆ. ಮೊಮ್ಮಗಳು ತಲೆ ಎತ್ತದೆ, ಸಣ್ಣಜ್ಜಿ ಆಗಲೇ ಫೋನ್ ಮಾಡಿ ಅರಿಶಿಣ ಆರಿಸಿ ಇಟ್ಟಿದ್ದೇನೆ ಎಂದು ಹೇಳಿದ್ದಾಳೆ ಎಂದಳು. ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮುರಿದೆ ಅಂತ ಕಾಣುತ್ತದೆ. ಯಜಮಾನರು ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದರು.

ಈ ಹುಡುಗಿ ನನ್ನ ಕಣ್ಣೆದುರೇ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದವಳು. ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಅರಿಶಿಣದ ಸತ್ವ ತೆಗೆಯುವ ಒಂದು ಕಂಪನಿಯಿದೆ, ಅದರ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಕೈಮೇಲೆ ಹಾಕಿಕೊಂಡು ಹೊರಡುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಆ ನೋಟದಲ್ಲಿ ಅಭಿಮಾನ ಎಷ್ಟು, ಅಸೂಯೆ ಎಷ್ಟು ಎಂದು ಬೇರ್ಪಡಿಸಲು ಹೋಗುವುದಿಲ್ಲ.

ಮೊಮ್ಮಗಳೇ ಒಂದು ದಾರಿ ಹೇಳಿದಳು. ತಮಾಷೆಗೆ ಹೇಳಿದ್ದು, ನಾನು ಹಿಡಿದುಕೊಂಡೆ. "ಇಬ್ಬರದೂ ಲ್ಯಾಬಿನ ಎಚ್‌ಪಿಎಲ್‌ಸಿ ಮಷಿನ್ನಿಗೆ ಹಾಕೂಣ ಅಜ್ಜಿ, ಅದು ಸತ್ವ ಅಳಿತೈತಿ. ಯಾರದ್ರಾಗ ಸತ್ವ ಹೆಚ್ಚೈತಿ ಅವರದು ಒರಳಿಗೆ ಮೊದ್ಲ. ಮಾತ ಮುಗೀತು." ಕಂಪನಿಯ ಸಾಹೇಬರ ಪರ್ಮಿಶನ್ ಕೇಳಿಕೊಂಡು, ಮಷಿನ್ ಬಿಡುವಿರುವ ಒಂದು ದಿನ ಇಬ್ಬರು ಅಜ್ಜಿಯರೂ ಬಂದು ನೋಡಬಹುದು ಎಂದಳು.

ನಾನು ಅಂದೇ ಕೂತು, ಪುಡಿ ಮಾಡದೆ ಡಬ್ಬದಲ್ಲಿಟ್ಟಿದ್ದ ನನ್ನ ಅರಿಶಿಣದಲ್ಲಿ ದಪ್ಪ, ಹೊಳೆಯುವ ಕೊಂಬುಗಳನ್ನು ಆರಿಸಿ ಬೇರೆ ಇಟ್ಟೆ. ಹುಡುಗಿ ಬಂದವಳು ಅದನ್ನು ನೋಡಿ ನಕ್ಕು, ಇಡೀ ಡಬ್ಬವನ್ನು ಪೇಪರಿನ ಮೇಲೆ ಸುರಿದು, ಗುಡ್ಡೆ ಮಾಡಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದು ಮತ್ತೆ ಕಲಸಿ, ಮತ್ತೆ ಹಂಚಿ, ಕೊನೆಗೆ ಉಳಿದದ್ದನ್ನು ಪೊಟ್ಟಣ ಕಟ್ಟಿದಳು. ಅಜ್ಜಿ ಆರಿಸಿಕೊಟ್ಟರೆ ಅದು ಸ್ಯಾಂಪಲ್ ಆಗುವುದಿಲ್ಲ, ಎಕ್ಸಿಬಿಷನ್ ಆಗುತ್ತದೆ ಎಂದಳು. ಮೂಡಲಗಿಗೂ ಹೋಗಿ ಹಾಗೇ ಮಾಡಿ ತಂದಳಂತೆ. ಅಲ್ಲಿ ಎಷ್ಟು ಹೊತ್ತು ಇದ್ದೆ ಎಂದು ಕೇಳಿದೆ. ಊಟ ಮಾಡಿಸಿಯೇ ಕಳಿಸಿದರು ಎಂದಳು. ಅದೂ ಚುಚ್ಚಿತು.

ಆ ದಿನ ನಾನು ಕ್ರೀಮ್ ಬಣ್ಣದ ಕಾಟನ್ ಸೀರೆ ಉಟ್ಟು, ದಾರಿಯುದ್ದಕ್ಕೂ ಸಾಹೇಬರ ಮುಂದೆ ಆಡಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ. ಐ ಟೂ ವಾಸ್ ಎ ಸ್ಟೂಡೆಂಟ್ ಆಫ್ ಕೆಮಿಸ್ಟ್ರಿ, ಯು ಸೀ. ಒಳಗೆ ಹೋಗಿ ನೋಡಿದರೆ ನೆಗೆಣ್ಣಿ ನನಗಿಂತ ಮೊದಲೇ ಬಂದು, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದು, ಸಾಹೇಬರಿಗೆ ಶೇಂಗಾ ಹೋಳಿಗೆ ಕೊಡುತ್ತಿದ್ದಳು. ಅವರು ಹೊರಗಿನ ರೂಮಿನಲ್ಲಿ ನಿಂತು, ಕಣ್ಣು ಮುಚ್ಚಿ ತಿನ್ನುತ್ತಿದ್ದರು. ನಾನು ಬರೀ ನಮಸ್ಕಾರ ಎಂದೆ.

ಲ್ಯಾಬು ತಣ್ಣಗಿತ್ತು. ನಾನು ಬುನ್ಸೆನ್ ಬರ್ನರಿನ ವಾಸನೆಗಾಗಿ ಮೂಗರಳಿಸಿದೆ, ಅದಿರಲಿಲ್ಲ. ಟೇಬಲ್ಲಿನ ಮೇಲೆ ಒಂದರ ಮೇಲೊಂದು ಪೇರಿಸಿದ ಬೂದು ಪೆಟ್ಟಿಗೆಗಳು, ಅವುಗಳ ತಲೆಯ ಮೇಲೆ ಎರಡು ಗಾಜಿನ ಬಾಟಲಿಗಳು. ಒಂದರಲ್ಲಿ ಚೂರು ಆಸಿಡ್ ಹಾಕಿದ ನೀರು, ಇನ್ನೊಂದರಲ್ಲಿ ಅಸಿಟೋನೈಟ್ರೈಲ್ ಎಂಬ ದ್ರಾವಕ. ಎರಡನ್ನೂ ಸೋಸಿ, ಒಳಗಿನ ಗಾಳಿಗುಳ್ಳೆ ತೆಗೆದು ಇಟ್ಟಿದ್ದಾರೆ, ಗಾಳಿ ಸೇರಿದರೆ ಪಂಪು ಬಿಕ್ಕಳಿಸುತ್ತದೆ ಎಂದಳು ಮೊಮ್ಮಗಳು. ಬಾಟಲಿಗಳಿಂದ ಸಣ್ಣ ನಳಿಕೆಗಳು ಪಂಪಿಗೆ, ಪಂಪಿನಿಂದ ಒಂದು ಉಕ್ಕಿನ ಕೊಳವೆಗೆ. ಕಾಲಂ ಅಂದರೆ ಅದೇ. ಗೇಣುದ್ದವೂ ಇಲ್ಲ. ಇಷ್ಟು ಗಿಡ್ಡ ವಸ್ತುವಿನ ಒಳಗೆ ನನ್ನ ಮಾನ ಮರ್ಯಾದೆ ಹಾಯ್ದುಬರಬೇಕಿತ್ತು.

ನಮ್ಮ ಕಾಲೇಜಿನಲ್ಲಿ ಕಾಲಂ ಎಂದರೆ ನಿಲ್ಲಿಸಿದ ಬ್ಯುರೆಟ್ಟು. ತಳಕ್ಕೆ ಹತ್ತಿ ತುರುಕಿ, ಅಲ್ಯುಮಿನಾ ಪುಡಿ ತುಂಬಿ, ಪಾಲಕದ ರಸ ಹಾಕಿ, ಮೇಲಿಂದ ಪೆಟ್ರೋಲಿಯಂ ಈಥರ್ ಸುರಿಯುತ್ತಿದ್ದೆವು. ಮೊದಲು ಕ್ಯಾರೊಟಿನ್ನಿನ ಹಳದಿ ಪಟ್ಟಿ ಇಳಿದುಬರುತ್ತಿತ್ತು. ಹಸಿರು ಹಿಂದೆ ಉಳಿಯುತ್ತಿತ್ತು. ಆ ಹಳದಿ ಹನಿಯನ್ನು ಟೆಸ್ಟ್ ಟ್ಯೂಬಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ಅದನ್ನು ಹೇಳಿದಾಗ ಮೊಮ್ಮಗಳು ನನ್ನ ಕಡೆ ಪೂರ್ತಿ ತಿರುಗಿದಳು. ಅದು ನಾರ್ಮಲ್ ಫೇಸ್, ಇದು ರಿವರ್ಸ್ಡ್ ಎಂದಳು. ಅಲ್ಲಿ ತುಂಬಿದ ಪುಡಿಗೆ ನೀರಿನ ಸ್ವಭಾವದ್ದರ ಮೇಲೆ ಪ್ರೀತಿ, ಹಾಗಾಗಿ ಎಣ್ಣೆ ಸ್ವಭಾವದ ಕ್ಯಾರೊಟಿನ್ ನಿಲ್ಲದೆ ಮೊದಲು ಹೊರಬೀಳುತ್ತಿತ್ತು. ಇಲ್ಲಿ ಎಲ್ಲ ತಿರುಗುಮುರುಗು.

ತಿರುಗುಮುರುಗು ಹೇಗೆ ಎಂದು ಕೇಳಿದವಳು ನೆಗೆಣ್ಣಿ. ನಾನು ಕೇಳಬೇಕೆಂದು ಬಾಯಿ ತೆರೆದಿದ್ದೆ.

"ಸಣ್ಣಜ್ಜಿ, ತಲಿಗೆ ಎಣ್ಣಿ ಹಚ್ಚಿಕೊಂಡು ಬರೇ ನೀರ ಸುರಕೊಂಡ್ರ ಏನಾಕ್ಕೈತಿ?"

"ನೀರ ಜಾರಿ ಹೊಕ್ಕೈತಿ. ಎಣ್ಣಿ ತಲ್ಯಾಗ ಉಳಿತೈತಿ."

"ಇದರೊಳಗೂ ಅಂಥಾ ಕೂದಲಾನ ಅದಾವ ನೋಡು."

ಮುಂದೆ ಮೊಮ್ಮಗಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಅಷ್ಟಾದರೂ ನನಗೆ ಉಳಿಯಲಿ. ಆ ಕೊಳವೆಯಲ್ಲಿ ಹಿಟ್ಟಿಗಿಂತ ಸಣ್ಣಗಿನ ಸಿಲಿಕಾ ಕಾಳುಗಳನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಪ್ರತಿ ಕಾಳಿನ ಮೈಮೇಲೆ ಹದಿನೆಂಟು ಕಾರ್ಬನ್ನುಗಳ ಸರಗಳನ್ನು ಅಂಟಿಸಿರುತ್ತಾರೆ. ಎಣ್ಣೆ ಹಚ್ಚಿದ ಕೂದಲಿನ ಹಾಗೆ ಅವು ನೀರನ್ನು ದೂರ ಇಡುತ್ತವೆ. ಪಂಪು ನೀರು ಮತ್ತು ದ್ರಾವಕದ ಮಿಶ್ರಣವನ್ನು ಭಾರಿ ಒತ್ತಡದಿಂದ ಒಳಗೆ ನೂಕುತ್ತದೆ. ಅದರ ಜೊತೆ ನಮ್ಮ ಅರಿಶಿಣದ ಒಂದು ಚಿಕ್ಕ ಹನಿಯೂ ಹೋಗುತ್ತದೆ. ನೀರಿನ ಸ್ನೇಹ ಹೆಚ್ಚಿರುವ ಅಣುಗಳು ಆ ಕೂದಲಲ್ಲಿ ನಿಲ್ಲುವುದಿಲ್ಲ, ಹರಿವಿನ ಜೊತೆ ಬೇಗ ದಾಟುತ್ತವೆ. ಎಣ್ಣೆಯ ಸ್ವಭಾವದವು ಅಲ್ಲಿ ಸಿಕ್ಕಿಕೊಂಡು, ಬಿಟ್ಟು, ಮತ್ತೆ ಸಿಕ್ಕಿಕೊಂಡು ನಿಧಾನ ಮಾಡುತ್ತವೆ. ಆಮೇಲೆ ಮಿಶ್ರಣದಲ್ಲಿ ನೀರು ಕಡಿಮೆ ಮಾಡುತ್ತ ಅಸಿಟೋನೈಟ್ರೈಲ್ ಏರಿಸುತ್ತ ಹೋಗುತ್ತಾರೆ. ಸೀಗೆಕಾಯಿ ಹಾಕಿದಾಗ ತಲೆಯ ಎಣ್ಣೆ ಬಿಡುವಂತೆ, ಗಟ್ಟಿಯಾಗಿ ಹಿಡಿದವೂ ಬಿಟ್ಟು ಹೊರಗೆ ಬರುತ್ತವೆ. ಹೀಗೆ ಒಟ್ಟಿಗೆ ಹೋದವು ಒಂದೊಂದಾಗಿ ಬಾಗಿಲಿಗೆ ಬರುತ್ತವೆ.

ನಮ್ಮ ಕಾಲದಲ್ಲಿ ಮೊದಲು ಇಳಿದುಬರುತ್ತಿದ್ದದ್ದು ಈಗ ಕೊನೆಗೆ. ಈ ಮನೆಗೆ ಮೊದಲು ಬಂದ ಸೊಸೆ ನಾನು ಎಂಬುದು ಯಾಕೋ ಆಗ ನೆನಪಾಯಿತು. ನೀರಿನ ಹಾಗೆ ನಯವಾಗಿ, ಯಾರಿಗೂ ಅಂಟದೆ ನಾನು ಈ ಮನೆಯೊಳಗಿಂದ ಹಾದುಹೋಗಿದ್ದೇನೆ. ಎಲ್ಲರನ್ನೂ ಹಿಡಿದು ನಿಂತವಳು ಆಕೆ.

ಅರಿಶಿಣದ ಹಳದಿ ಒಂದೇ ವಸ್ತು ಅಲ್ಲವಂತೆ, ಮೂವರು ಅಕ್ಕತಂಗಿಯರಂತೆ. ಒಬ್ಬಳಿಗೆ ಎರಡೂ ತುದಿಗೆ ಮೆಥಾಕ್ಸಿ ಎಂಬ ಗುಂಪು, ಕೈಗೊಂದು ಬಳೆಯ ಹಾಗೆ. ಕರ್ಕ್ಯುಮಿನ್ ಅವಳು. ಇನ್ನೊಬ್ಬಳಿಗೆ ಒಂದೇ ಬಳೆ, ಮೂರನೆಯವಳು ಬರಿಗೈಯವಳು. ಬರಿಗೈಯವಳು ಮೊದಲು ದಾಟಿ ಬರುತ್ತಾಳೆ, ಎರಡು ಬಳೆಯವಳು ಕೊನೆಗೆ. ಬಾಗಿಲಲ್ಲಿ ನೀಲಿ ಬೆಳಕು ಕಾಯುತ್ತಿರುತ್ತದೆ. ಹಳದಿ ವಸ್ತು ನೀಲಿಯನ್ನು ಕುಡಿಯುತ್ತದೆ. ಎಷ್ಟು ಕುಡಿಯಿತು ಎಂಬುದರ ಲೆಕ್ಕದಲ್ಲಿ ಕಂಪ್ಯೂಟರಿನ ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ. ಪೀಕ್ ಎನ್ನುತ್ತಾರೆ. ಯಾವ ಹೊತ್ತಿಗೆ ಬಂತು ಎಂಬುದರಿಂದ ಅದು ಯಾರೆಂದು, ಗುಡ್ಡದ ಹರವಿನಿಂದ ಎಷ್ಟಿದೆಯೆಂದು ತಿಳಿಯುವುದು. ಅದಕ್ಕಾಗಿ ಶುದ್ಧ ವಸ್ತುಗಳನ್ನು ಮೊದಲೇ ಹಾಯಿಸಿ ನೋಡಿಟ್ಟುಕೊಂಡಿದ್ದರು.

ನೆಗೆಣ್ಣಿ ಕೊಳವೆಯ ಆಚೆ ತುದಿಯಲ್ಲಿದ್ದ ದೊಡ್ಡ ಬಾಟಲಿಯನ್ನು ನೋಡಿದಳು. ಎಲ್ಲ ಹಾಯ್ದು ಬಂದದ್ದು ಅದರೊಳಗೆ ಬೀಳುತ್ತಿತ್ತು.

"ನಮ್ಮ ಅರಿಶಿಣ ತಿರುಗಿ ಕೊಡ್ತೀರೇನ್ರಿ ಸಾಹೇಬರ, ಇಲ್ಲಾ ಇಟಗೊಂತೀರಿ?"

ಸಾಹೇಬರು ಮನಸಾರೆ ನಕ್ಕರು. ನಾನು ನಗಲಿಲ್ಲ. ಆ ಜೋಕು ನನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತಿದ್ದೆ.

ಪುಡಿಯನ್ನು ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಸಿ, ಸೋಸಿ, ಪುಟ್ಟ ಗಾಜಿನ ಕುಪ್ಪಿಗಳಲ್ಲಿ ತುಂಬಿ ಎ, ಬಿ ಎಂದು ಬರೆದಿದ್ದರು. ಯಾವುದು ಯಾರದೆಂದು ಮೊಮ್ಮಗಳು ಹೇಳಲಿಲ್ಲ. ಸೂಜಿ ಇಳಿದು ಎ ಕುಪ್ಪಿಯಿಂದ ಹೀರಿತು. ಸ್ಕ್ರೀನಿನ ಮೇಲೆ ಗೆರೆ ನೆಲಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಆಮೇಲೆ ಮೊದಲ ಗುಡ್ಡ ಎದ್ದಿತು. ಹುಡುಗಿಯ ಹುಬ್ಬು ಮೇಲೆ ಹೋಯಿತು. ಎರಡನೆಯದು, ಮೂರನೆಯದು. ಬಿ ಹಾಯಿತು. ಅದೇ ಮೂರು ಗುಡ್ಡ, ಅದೇ ಏರು, ಅದೇ ಇಳಿಜಾರು. ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದಳು. ಒಂದೇ ಗೆರೆಯನ್ನು ಎರಡು ಸಲ ತಿದ್ದಿದಂತಿತ್ತು. ಚೂರು ಹೆಚ್ಚುಕಡಿಮೆ ಇತ್ತು, ಆದರೆ ಒಂದೇ ಕುಪ್ಪಿಯನ್ನು ಎರಡು ಸಲ ಹಾಯಿಸಿದರೂ ಅಷ್ಟು ವ್ಯತ್ಯಾಸ ಬರುತ್ತದಂತೆ.

"ಟೈ ಆತು" ಎಂದಳು. ಆಮೇಲೆ ಪೇಟೆಯ ಅರಿಶಿಣದ ಹಳೆಯ ಗ್ರಾಫ್ ತೆಗೆದು ಪಕ್ಕಕ್ಕಿಟ್ಟಳು. ಅದರಲ್ಲಿ ಬರಿಗೈಯವಳ ಗುಡ್ಡ ಕುಳ್ಳಗಿತ್ತು. ನಮ್ಮ ಎರಡರಲ್ಲೂ ಅದು ಎತ್ತರ, ಮೊಮ್ಮಗಳು ಈ ಲ್ಯಾಬಿನಲ್ಲಿ ಇದುವರೆಗೆ ನೋಡಿದ್ದೆಲ್ಲಕ್ಕಿಂತ ಎತ್ತರ. ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ ಎಂದಳು.

ಒಂದೇ ತಳಿಯೇ ಎಂದು ಕೇಳಿದೆ. ಅದನ್ನು ಈ ಮಷಿನ್ ಹೇಳಲಾರದು, ಮಣ್ಣು, ಒಣಗಿಸುವ ರೀತಿ ಎಲ್ಲದರಿಂದಲೂ ಪ್ರಮಾಣ ಬದಲಾಗುತ್ತದೆ, ಏನೇನಿದೆ ಎಷ್ಟಿದೆ ಎಂದು ಹೇಳುವುದಷ್ಟೇ ಇದರ ಕೆಲಸ, ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಸಣ್ಣಜ್ಜಿಯನ್ನೇ ಕೇಳು ಎಂದಳು. ಕೇಳು ಎಂದಾಗ ನೆಗೆಣ್ಣಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಿಟಕಿಯಾಚೆ ನೋಡತೊಡಗಿದಳು.

ವಾಪಸು ಬರುವಾಗ ಒಂದೇ ಕಾರು. ಆಕೆಯನ್ನು ಗೋಕಾಕದಲ್ಲಿ ಮೂಡಲಗಿ ಬಸ್ಸಿಗೆ ಬಿಡುವುದಿತ್ತು. ಹಿಂದಿನ ಸೀಟಿನಲ್ಲಿ ನಾವಿಬ್ಬರು. ಹುಕ್ಕೇರಿ ದಾಟಿದ ಮೇಲೆ, ಕಬ್ಬಿನ ಗಾಡಿಯೊಂದರ ಹಿಂದೆ ನಾವು ತೆವಳುತ್ತಿದ್ದಾಗ ಕೇಳಿದೆ.

"ನಿನ್ನ ಅರಿಶಿಣದ ಬೀಜ ಎಲ್ಲೀದು?"

"ಅತ್ತಿಯಾರು ಕೊಟ್ಟಿದ್ದು ಅಕ್ಕಾರ. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ರು. ಅದಕ್ಕ ಹೇಳಿಲ್ಲ."

ಮುಂದಿನ ಸೀಟಿನಲ್ಲಿ ಮೊಮ್ಮಗಳ ಭುಜ ಅಲುಗಿದ್ದು ಕಂಡಿತು. ನಗುತ್ತಿದ್ದಳು, ತುಂಟಿ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ಒಂದೇ ಒಂದು ಗೆಲುವು ಸಂಕೇಶ್ವರದ ರಸ್ತೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಒಳ್ಳೆಯ ಮನುಷ್ಯಳಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಎಷ್ಟು ಕೊಟ್ಟರು ಎಂದು ಕೇಳಿದೆ.

"ಒಂದ ಬುಟ್ಟಿ."

ಬುಟ್ಟಿ! ನನಗೆ ಸೆರಗಿನ ತುದಿಯಷ್ಟು. ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆಯಾಗುತ್ತದೆ, ಹೌ ಸಿಲ್ಲಿ. ಅದನ್ನು ತೋರಿಸಬಾರದೆಂದೇ ಅವಸರದಲ್ಲಿ ಹೇಳಿಬಿಟ್ಟೆ: ನನಗೂ ಕೊಟ್ಟಿದ್ದರು, ಹಿತ್ತಲಿಗೆ ಕರೆದು, ಸ್ವತಃ ಸೆರಗಿಗೆ ಗಂಟು ಹಾಕಿ ಕೊಟ್ಟಿದ್ದರು, ನಿನ್ನ ಮುಂದೆ ಹೇಳಬೇಡ ಎಂದಿದ್ದರು.

ನೆಗೆಣ್ಣಿ ನನ್ನ ಕಡೆ ತಿರುಗಿದಳು. "ತಮ್ಮ ಕೈಲೆ ಕಟ್ಟಿದ್ರಾ?"

"ಹೂಂ."

"ನನಗ ಗಾಡ್ಯಾಗ ಕಳಿಸಿದ್ರು, ಗೊಬ್ಬರದ ಚೀಲದ ಬಾಜೂಕ ಇಟ್ಟು. ಬುಟ್ಟಿ ಇಳಿಸಿದಾಂವ ಆಳಮನಿಶ್ಯಾ. ಗುಟ್ಟ ಹೇಳಿದ್ದು ಮುಂದ ಎಂದೋ, ನಾ ಗೋಕಾಕಕ್ಕ ಬಂದಾಗ." ಆಕೆಯ ತುಟಿ ಬಿಗಿದಿತ್ತು. ಆ ಬಿಗಿತ ನನಗೆ ಚೆನ್ನಾಗಿ ಪರಿಚಯ. ಆಕೆಯ ಸ್ಟೀಲ್ ಡಬ್ಬಿ ಬಂದ ದಿನ ಕನ್ನಡಿಯಲ್ಲಿ ನೋಡುತ್ತಿದ್ದೆನಲ್ಲ.

ಕಾರು ಘಟಪ್ರಭೆಯ ಸೇತುವೆ ದಾಟಿತು. ಆಕೆಯೂ ನನ್ನನ್ನು ಕಂಡು ಉರಿದುಕೊಳ್ಳಬಲ್ಲಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ತಿಳಿದಾಗ ಆದ ಸಂತೋಷವನ್ನು ಸಿಸ್ಟರ್‌ಗಳು ಮೆಚ್ಚುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಒಂದು ಹೆಜ್ಜೆ ಹೋಗಿ ಕಿಟಕಿಗೆ ಬಗ್ಗಿ ಕೇಳಿದಳು, ಅತ್ತೆ ಗಂಟು ಹಾಕಿದ ಆ ಸೀರೆ ಇನ್ನೂ ಇದೆಯೇ ಎಂದು. ಇದೆ ಎಂದೆ. ಯಾವ ಬಣ್ಣ ಎಂದಳು. ಹಸಿರು ಎಂದೆ. ತಲೆ ಆಡಿಸಿ ಹೋದಳು.

ಅರಿಶಿಣ ಕುಟ್ಟುವ ದಿನ ನಮ್ಮ ಅಂಗಳದಲ್ಲಿ ಒರಳಿಗೆ ಸುಣ್ಣ ಬಳಿದು, ಒನಕೆಗೆ ದಾರ ಕಟ್ಟಿ ಇಟ್ಟಿದ್ದರು. ನಾನು ಆ ಹಸಿರು ಸೀರೆಯನ್ನೇ ಉಟ್ಟಿದ್ದೆ. ಉದ್ದೇಶಪೂರ್ವಕವಾಗಿಯೇ. ನನ್ನ ಕೊಂಬುಗಳು ಸೆರಗಿನ ಗಂಟಿನಲ್ಲಿದ್ದವು. ನೆಗೆಣ್ಣಿ ತನ್ನ ಬುಟ್ಟಿಯೊಂದಿಗೆ ಬಂದಳು. ಮುತ್ತೈದೆಯರು ಸುತ್ತ ಕೂತರು. ಇಬ್ಬರದೂ ಸಮ ಬಂದಿದೆ, ಇನ್ನು ನೀವೇ ನೋಡಿಕೊಳ್ಳಿ ಎಂದು ಮೊಮ್ಮಗಳು ಕೈತೊಳೆದುಕೊಂಡಿದ್ದಳು. ಯಾರದು ಮೊದಲು ಎಂದು ಯಾರೋ ಕೇಳಿದರು. ನನ್ನ ಬೆರಳು ಗಂಟಿನ ಮೇಲಿತ್ತು.

ನೆಗೆಣ್ಣಿ ನನ್ನ ಸೆರಗನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನೀವ ಹಾಕ್ರಿ ಅಕ್ಕಾರ" ಎಂದಳು. "ನಿಮಗ ಕೈಯಾರೆ ಕೊಟ್ಟಾರ."

ಗಂಟು ಬಿಚ್ಚಿ ಒರಳಿಗೆ ಹಾಕಿದೆ. ಆಮೇಲೆ ಆಕೆಯ ಬುಟ್ಟಿ ಬಗ್ಗಿತು. ಒನಕೆ ಬಿದ್ದು ಎರಡೂ ಒಂದಾದವು. ಹುಕ್ಕೇರಿ ದಾರಿಯ ಆ ಕೊಳವೆಗೆ ಹಾಕಿದರೂ ಇನ್ನು ಅವು ಬೇರೆಯಾಗುವುದಿಲ್ಲ. ಬೇಕಾದದ್ದು ನನಗೆ ಸಿಕ್ಕಿತ್ತು. ಸಿಕ್ಕಿತ್ತು, ಆದರೆ ಆಕೆ ಕೊಟ್ಟಿದ್ದರಿಂದ ಸಿಕ್ಕಿತ್ತು. ಅದನ್ನು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಮಣೆಯ ಮೇಲೆ ಕೂತ ಮೊಮ್ಮಗಳ ಎಡಕ್ಕೆ ನಾನು ನಿಂತೆ, ಬಲಕ್ಕೆ ಆಕೆ. ಮೊದಲ ಕೈ ನನ್ನದು. ಹಣೆ, ಗಲ್ಲ, ಮುಂಗೈ, ನಿಧಾನವಾಗಿ, ಯಾರೂ ಅವಸರ ಮಾಡದ ಹಾಗೆ ಹಚ್ಚಿದೆ. ಹುಡುಗಿ ಕಣ್ಣು ಮುಚ್ಚಿಕೊಂಡು ನೆಟ್ಟಗೆ ಕೂತಿದ್ದಳು. ಆಮೇಲೆ ಬಲಗಡೆಯಿಂದ ಇನ್ನೊಂದು ಕೈ ಬಂತು. ಕಣ್ಣು ಬಿಡದೆಯೇ ಅದು ಯಾರ ಕೈ ಎಂದು ಹುಡುಗಿಗೆ ತಿಳಿಯಿತು. ತಲೆಯನ್ನು ಆ ಕಡೆಗೆ ವಾಲಿಸಿ, ಗಲ್ಲವನ್ನು ಆ ಅಂಗೈಯೊಳಗೆ ಇಟ್ಟಳು.

ನಾನು ಅರಿಶಿಣದ ಬಟ್ಟಲಿಗೆ ಮತ್ತೊಮ್ಮೆ ಕೈ ಹಾಕಿದೆ.